ಬೆಡ್‌ಶೀಟ್ ಚೆನ್ನಾಗಿದೆ, ಚಿಲಕ ನೋಡಿಕೊಳ್ಳಿ (5ಕ್ಕೆ 2)

ಅಮ್ಮನ ಜೊತೆ ಹಾಸನಾಂಬೆ ದರ್ಶನಕ್ಕೆ ಹೋಗಿದ್ದೆ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಗುಡಿ ಬಾಗಿಲು ತೆಗೆದರೆ ಸಾಕು, ಹಾಸನದಲ್ಲಿ ರೂಮ್ ಸಿಗುವುದೇ ಪುಣ್ಯ. ಹಾಗಾಗಿ ಬಸ್ ಸ್ಟ್ಯಾಂಡ್ ಹತ್ತಿರದ ಈ ಲಾಡ್ಜಿನವರು ಡಬಲ್ ಬಾಡಿಗೆ ಕೇಳಿದಾಗಲೂ ಬಾಯಿ ಮುಚ್ಚಿಕೊಂಡು ಕೊಟ್ಟೆ. ಹೆಸರು ಹಾಕುವುದಿಲ್ಲ, ಅಲ್ಲಿನ ಒಬ್ಬ ಹುಡುಗನ ಕೆಲಸಕ್ಕೆ ಕುತ್ತು ಬರಬಾರದು. ಬೆಡ್‌ಶೀಟ್ ಕ್ಲೀನ್. ಬಿಸಿನೀರು ಆರರಿಂದ ಎಂಟು.

ರಾತ್ರಿ ಒಂದೂವರೆಗೆ ಯಾರೋ ಬಾಗಿಲು ತಟ್ಟಿದರು. ಜೋರಾಗಿ ಅಲ್ಲ, ಬೆರಳ ಗೆಣ್ಣಿನಲ್ಲಿ, ಮೂರು ಸಲ. ಸುಮ್ನಿದ್ದೆ. ಮತ್ತೆ ಮೂರು. ಆಮೇಲೆ ಗಂಡಸಿನ ದನಿ: "ಪುಟ್ಟೀ, ಬಾಗಿಲು ತೆಗಿ. ಬೈಯಲ್ಲ."

"ಇಲ್ಲಿ ಪುಟ್ಟಿ ಯಾರೂ ಇಲ್ಲ" ಅಂದೆ. ಸದ್ದಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದದ ನೆರಳು ಮಾತ್ರ ಅಲ್ಲಾಡದೆ ನಿಂತಿತ್ತು. ಆಮೇಲೆ ಆತ ಅಳೋಕೆ ಶುರು ಮಾಡಿದರು, ಅಳುತ್ತಲೇ ಬಾಗಿಲು ನೂಕಿದರು, ಚಿಲಕದ ಮೂರು ಸ್ಕ್ರೂನಲ್ಲಿ ಒಂದು ಮೊದಲೇ ಇರಲಿಲ್ಲ, ಇನ್ನೊಂದು ನನ್ನ ಕಣ್ಣೆದುರೇ ಮರದಿಂದ ಈಚೆ ಬರುತ್ತಿತ್ತು. ಅಮ್ಮ ಎದ್ದು ಕೂತು, ಟೀಪಾಯಿ ಅಡ್ಡ ಇಡು ಅಂತ ಕೈಸನ್ನೆ ಮಾಡಿದರು. ಇಂಟರ್‌ಕಾಮ್ ಎತ್ತಿದರೆ ಡೆಡ್. ಮೊಬೈಲ್‌ನಲ್ಲಿ 112 ಒತ್ತಿ ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿ ಸದ್ದು. ನೈಟ್ ಡ್ಯೂಟಿ ಹುಡುಗ. ಕೂಗಾಡಲಿಲ್ಲ, ರಟ್ಟೆ ಹಿಡಿದು ಎಳೆಯಲೂ ಇಲ್ಲ. ಸ್ವಲ್ಪ ದೂರದಲ್ಲೇ ನಿಂತು "ಅಣ್ಣಾ, ಊಟ ಆಯ್ತಾ?" ಅಂದ.

ನೂಕುವುದು ನಿಂತಿತು. ತುಂಬಾ ಹೊತ್ತಾದ ಮೇಲೆ, "ಇಲ್ಲ."

"ಬನ್ನಿ, ಕೆಳಗೆ ಕಾಫಿ ಕುಡಿಯೋಣ."

ಬೆಳಿಗ್ಗೆ ಗೊತ್ತಾಯಿತು, ಆತ ಮೇಲಿನ ಮಹಡಿಯವರು, ಅಣ್ಣನ ಜೊತೆ ಬಂದಿದ್ದರು, ನಿದ್ದೆ ಮಾಡಿ ಮೂರು ದಿನ ಆಗಿತ್ತಂತೆ. ಅಣ್ಣ ಕೈ ಮುಗಿದಾಗ ನನಗೇ ಒಂಥರಾ ಆಯಿತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಸರ್ಕಾರದ್ದು, 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪುಟ್ಟಿ ಯಾರು ಅಂತ ಕೇಳಲಿಲ್ಲ.

ನನಗೆ ಸಿಟ್ಟಿರುವುದು ಮ್ಯಾನೇಜರ್ ಮೇಲೆ. ಚಿಲಕ, ಇಂಟರ್‌ಕಾಮ್ ಎರಡೂ ಹೇಳಿದೆ. "ರಶ್ ಟೈಮ್ ಅಲ್ವಾ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಅಡ್ಜಸ್ಟ್ ಮಾಡ್ಕೊಳ್ಳೋಕೆ ಇದೇನು ಸಾಂಬಾರಿಗೆ ಉಪ್ಪು ಜಾಸ್ತಿ ಆಗಿರೋದಾ? ಆ ಹುಡುಗ ಮಾತ್ರ ನಾವು ಹೊರಡುವಷ್ಟರಲ್ಲಿ ಎಲ್ಲಿಂದಲೋ ಸ್ಕ್ರೂಡ್ರೈವರ್ ತಂದು, ನಮ್ಮ ರೂಮಿನ ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದ.