ಪಂಪು ಬರೆದುಕೊಟ್ಟರೆ ಜೊತೆಗೆ ಸ್ಪೇಸರ್ ಕೂಡ ಕೊಳ್ಳಿ

ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಗಳಿಗೆ ದಮ್ಮು ಹೊಸದಲ್ಲ. ಗೂಡು ಬೇಯಿಸುವ ಹಬೆ, ಒಲೆಯ ಹೊಗೆ, ಗೂಡಿನ ದೂಳು ಎಲ್ಲ ಒಂದೇ ಕೋಣೆಯಲ್ಲಿ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತು ದುಡಿದ ನಮ್ಮಮ್ಮನಿಗೆ ಚಿಕ್ಕಬಳ್ಳಾಪುರದ ಎದೆ ಡಾಕ್ಟರು ಸ್ಪೈರೋಮೆಟ್ರಿ, ಅಂದರೆ ಊದಿಸಿ ನೋಡುವ ಉಸಿರಿನ ಪರೀಕ್ಷೆ, ಮಾಡಿಸಿದರು. ಒಮ್ಮೆ ಊದಿಸಿ, ಔಷಧಿ ಎಳೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದರು. ಎರಡನೇ ಸಲ ಗಾಳಿ ಚೆನ್ನಾಗಿ ಹೊರಬಂದದ್ದು ನೋಡಿ ಅಸ್ತಮಾ ಎಂದರು.

ಪಂಪು, ಅಂದರೆ ಇನ್ಹೇಲರ್, ಕೊಟ್ಟ ಮೆಡಿಕಲ್ ಸ್ಟೋರಿನವರು ಅದನ್ನು ಬಳಸುವುದು ಹೇಗೆಂದು ತೋರಿಸಲೇ ಇಲ್ಲ. ಅಮ್ಮ ಒತ್ತುವುದು ಒಂದು ಕ್ಷಣಕ್ಕೆ, ಉಸಿರೆಳೆಯುವುದು ಇನ್ನೊಂದಕ್ಕೆ. ಔಷಧಿಯೆಲ್ಲ ನಾಲಿಗೆ, ಗಂಟಲಿಗೇ ಅಂಟುತ್ತಿತ್ತು. "ಇದ್ರಿಂದ ಏನೂ ಆಗಲ್ಲ ಕಣೇ, ಮಾತ್ರೆನೇ ತಂದ್ಕೊಡು" ಅಂದುಬಿಟ್ಟರು. ಮುಂದಿನ ಸಲ ಹೋದಾಗ ಡಾಕ್ಟರು ಸ್ಪೇಸರ್ ಬರೆದರು.

ನೋಡಲು ಬರೀ ಪ್ಲಾಸ್ಟಿಕ್ ಕೊಳವೆ. ಹಿಂದಿನ ತೂತಿಗೆ ಪಂಪು ಸಿಕ್ಕಿಸುವುದು, ಮುಂದಿನ ತುದಿಯನ್ನು ಬಾಯಲ್ಲಿ ಬಿಗಿಯಾಗಿ ಹಿಡಿಯುವುದು. ಒತ್ತಿದ ಔಷಧಿ ಒಳಗೇ ಕ್ಷಣಕಾಲ ನಿಲ್ಲುವುದರಿಂದ ಕೈಗೂ ಉಸಿರಿಗೂ ತಾಳ ಕೂಡಿಸುವ ಕಷ್ಟವಿಲ್ಲ. ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಅಮ್ಮನಿಗೆ ಏದುಸಿರು ಇರುವಾಗ ಹಿಡಿಯಲಾಗುವುದಿಲ್ಲ. ಆಗ ಕೊಳವೆಯಲ್ಲೇ ಐದಾರು ಸಲ ಮಾಮೂಲಿನಂತೆ ಉಸಿರಾಡಿದರೂ ಸಾಕು. ಎರಡು ಪಫ್ (ಪಂಪನ್ನು ಎರಡು ಸಲ ಒತ್ತುವುದು) ಹೇಳಿದ್ದರೆ ಒಟ್ಟಿಗೆ ಒತ್ತದೆ, ಒಂದೊಂದನ್ನೇ ಎಳೆಯಬೇಕು.

ಪಕ್ಕದ ಮನೆಯ ಅಕ್ಕ ಇವತ್ತಿಗೂ "ಪಂಪು ಅಭ್ಯಾಸ ಆಗೋದ್ರೆ ಬಿಡಲ್ಲ" ಅನ್ನುತ್ತಾರೆ. ಅವರಿಗೆ ನಾನು ಲೆಕ್ಕ ಹೇಳುತ್ತೇನೆ. ದಮ್ಮು ಹತ್ತಿದಾಗ ಎಳೆಯುವ ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ನಲವತ್ತರಷ್ಟು. ಮಾತ್ರೆ ಹೊಟ್ಟೆಗಿಳಿದು, ರಕ್ತದಲ್ಲಿ ಮೈಯೆಲ್ಲ ಸುತ್ತಿ ಎದೆ ಸೇರಬೇಕು. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದಕ್ಕೇ. ಪಂಪಿನದು ನೇರ ಶ್ವಾಸನಾಳಕ್ಕೆ. ಇದನ್ನು ನಾನು ಎಷ್ಟು ಜನಕ್ಕೆ ಬೇಕಾದರೂ ಮತ್ತೆ ಮತ್ತೆ ಹೇಳಲು ಸಿದ್ಧ.

ದಿನಾ ಎಳೆಯುವ ಪಂಪು ಬೇರೆ, ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ದಮ್ಮು ಇಲ್ಲದ ದಿನವೂ ಅದನ್ನು ಬಿಡುವಂತಿಲ್ಲ, ಶ್ವಾಸನಾಳದ ಊತ ಇಳಿಸುವುದೇ ಅದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕು, ಇಲ್ಲದಿದ್ದರೆ ಬಾಯಲ್ಲಿ ಬೆಳ್ಳಗೆ ಫಂಗಸ್ ಕಟ್ಟಬಹುದು. ಸ್ಪೇಸರ್ ಇದ್ದರೆ ಬಾಯಲ್ಲಿ ಉಳಿಯುವ ಔಷಧಿಯೂ ಕಡಿಮೆ.

ತೊಂದರೆ ಇಲ್ಲವೆಂದಲ್ಲ. ಮದುವೆ ಮನೆಗೆ ಹೊರಟರೆ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆಯಬೇಕು, ಆಮೇಲೆ ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಟ್ಯಾಟಿಕ್ ಕರೆಂಟ್ ಹತ್ತಿ ಔಷಧಿಯನ್ನು ಗೋಡೆಗೇ ಎಳೆದುಕೊಳ್ಳುತ್ತದೆ. ಗಾಳಿಗೆ ಆರಲು ಬಿಡಿ. ಹೊಸದನ್ನೂ ಹೀಗೇ ತೊಳೆದು ಶುರುಮಾಡಿ.

ಬೆಲೆ ನೂರುಗಳ ಲೆಕ್ಕದಲ್ಲೇ ಮುಗಿಯುತ್ತದೆ. ಔಷಧಿಯನ್ನು ಮಂಜಿನಂತೆ ಮಾಡಿ ಎಳೆಸುವ ಯಂತ್ರ ನೆಬ್ಯುಲೈಜರ್‌ಗೆ ಸಾವಿರಗಳು ಬೇಕು, ಅದರ ಮೇಲೆ ಕರೆಂಟೂ ಇರಬೇಕು. ಸಾಮಾನ್ಯ ಮಟ್ಟದ ಉಬ್ಬಸಕ್ಕೆ ಸ್ಪೇಸರ್ ಅದಕ್ಕೇನೂ ಕಡಿಮೆಯಿಲ್ಲ. ಆದರೆ ಪಂಪು ಎಳೆದರೂ ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಿ.

ಕೊಳ್ಳುವಾಗ ವಾಲ್ವ್ (ಉಸಿರು ಎಳೆದಾಗ ತೆರೆದು, ಬಿಟ್ಟಾಗ ಮುಚ್ಚುವ ತೆಳು ಪರದೆ) ಇರುವುದನ್ನೇ ಕೇಳಿ, ನಿಮ್ಮ ಪಂಪು ತೂತಿಗೆ ಬಿಗಿಯಾಗಿ ಕೂರುತ್ತದೋ ಅಂಗಡಿಯಲ್ಲೇ ನೋಡಿ. ಮಕ್ಕಳಿಗೆ, ತುಟಿ ಬಿಗಿಹಿಡಿಯಲಾಗದ ಹಿರಿಯರಿಗೆ ಮಾಸ್ಕ್ ಇರುವುದೂ ಸಿಗುತ್ತದೆ. ತಂದ ಮೇಲೆ ಒಂದು ಸಲ ಡಾಕ್ಟರ ಮುಂದೆಯೋ ನರ್ಸ್ ಮುಂದೆಯೋ ಎಳೆದು ತೋರಿಸಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.