ಜೀನ್ಸ್ ಲೇಬಲ್ಲಿಗೆ ಟ್ರೇಡ್‌ಮಾರ್ಕ್: ನಮ್ಮ ವಕೀಲರ ಸೇವೆ ಹೇಗಿತ್ತು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಬಹಳ, ಸ್ವಂತ ಹೆಸರಿನಲ್ಲಿ ಮಾರುವವರು ಕಡಿಮೆ. ಕೌಲ್ ಬಜಾರಿನ ನಮ್ಮ ಯೂನಿಟ್ಟೂ ಮೊದಲು ಜಾಬ್ ವರ್ಕ್ ಮೇಲೇ ನಡೆಯುತ್ತಿತ್ತು. ಬೇರೆಯವರ ಕಟಿಂಗ್, ಬೇರೆಯವರ ಲೇಬಲ್, ನಮಗೆ ಪೀಸಿಗಿಷ್ಟು ಅಂತ ಮಜೂರಿ. ಆಮೇಲೆ ಸೊಂಟಪಟ್ಟಿಯ ಹಿಂದೆ ನಮ್ಮದೇ ಹೆಸರಿನ ಪ್ಯಾಚ್ ಹಾಕಿ ಸ್ವಲ್ಪ ಮಾಲು ಹೊರಗೆ ಕಳಿಸಿದೆವು. ಹುಬ್ಬಳ್ಳಿ ಕಡೆಯ ಅಂಗಡಿಯವರು ಹೆಸರು ಹೇಳಿಯೇ ಮಾಲು ಕೇಳತೊಡಗಿದರು. ಆಗ ಆ ಹೆಸರನ್ನು ಬೇರೆಯವರು ಬಳಸದಂತೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲೇಬೇಕು ಅನ್ನಿಸಿತು.

ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಟ್ರೇಡ್ ನೇಮ್ ಇದೆಯಲ್ಲ, ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಅದು ತೆರಿಗೆ ಲೆಕ್ಕಕ್ಕೆ ಮಾತ್ರ. ಪಕ್ಕದ ಓಣಿಯವರು ಅದೇ ಹೆಸರನ್ನು ಪ್ಯಾಂಟಿಗೆ ಹಾಕಿದರೆ ಆ ಕಾಗದ ತೋರಿಸಿ ತಡೆಯಲು ಆಗುವುದಿಲ್ಲ.

ಮೊದಲು ವಿಚಾರಿಸಿದ್ದು ಫೋನಿನಲ್ಲಿ ಸಿಕ್ಕ ಒಂದು ಕಂಪನಿಯನ್ನು. ಎಲ್ಲಾ ಸೇರಿ ಇಷ್ಟು ಅಂದರು. ಅದರಲ್ಲಿ ಸರ್ಕಾರದ ಫೀಸು ಎಷ್ಟು, ನಿಮ್ಮದು ಎಷ್ಟು ಅಂತ ಕೇಳಿದರೆ ಮಾತು ತಿರುಗಿಸಿದರು. ಸಣ್ಣ ಉದ್ಯಮ ಅಂತ ದಾಖಲಾಗುವ ಉದ್ಯಮ್ ನೋಂದಣಿಗೂ ಬೇರೆ ದುಡ್ಡು ಅಂದರು. ಅದು ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಅಲ್ಲಿಗೇ ಬಿಟ್ಟೆವು.

ಆಮೇಲೆ ಪರಿಚಯದವರು ಹೇಳಿದ ಊರಿನ ವಕೀಲರ ಹತ್ತಿರ ಹೋದೆವು. ಅವರು ಫೀಸು ಬಿಡಿಸಿ ಹೇಳಿದರು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ಕ್ಲಾಸಿಗೆ, ಅಂದರೆ ಮಾಲು ಅಥವಾ ಸೇವೆಯ ಒಂದು ವರ್ಗಕ್ಕೆ, 4,500 ರೂಪಾಯಿ. ಉದ್ಯಮ್ ಸರ್ಟಿಫಿಕೇಟ್ ಇರುವ ಸಣ್ಣ ಫರ್ಮಿಗೂ ಅಷ್ಟೇ. ಉಳಿದ ಕಂಪನಿಗಳಿಗೆ 9,000. ಬಟ್ಟೆಯದು 25ನೇ ಕ್ಲಾಸು. ವಕೀಲರ ಫೀಸು ಇದರ ಮೇಲೆ.

ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಅವರು ಬೇಡ ಅಂದಾಗ. ನಮ್ಮ ಪ್ಯಾಚಿನ ಮೇಲಿದ್ದದ್ದು ಮಾವನವರ ಹೆಸರಿನ ಎರಡಕ್ಷರ, ಅತ್ತೆಯ ಹೆಸರಿನ ಎರಡಕ್ಷರ ಕೂಡಿಸಿ ಮಾಡಿದ ಪದ. ಹೇಗೂ ನೋಂದಣಿ ಮಾಡಿಸ್ತೀವಿ, ಇದರ ಬದಲು 'ಬಳ್ಳಾರಿ' ಅಂತ ಬರುವ ಹೆಸರು ಇಡೋಣ ಅಂತ ಮೈದುನನಿಗೆ ಆಸೆ. ಅತ್ತೆಗೆ ದುರ್ಗಮ್ಮನ ಹೆಸರೇ ಬೇಕಿತ್ತು. ವಕೀಲರು ಟ್ರೇಡ್‌ಮಾರ್ಕ್ ಸೈಟ್ ತೆರೆದು 25ನೇ ಕ್ಲಾಸಿನಲ್ಲಿ ಹುಡುಕಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ದುರ್ಗಾ ಅಂತ ಬರುವ ಅರ್ಜಿಗಳು ಸಾಲಾಗಿ ಇದ್ದವು. "ನೋಡ್ರಿ ಅಮ್ಮ, ದೇವರ ಹೆಸರು ಎಲ್ಲರಿಗೂ ಬೇಕು. ಇನ್ನು ಬಳ್ಳಾರಿ ಅನ್ನೋದು ಊರು, ಜೀನ್ಸ್ ಅನ್ನೋದು ಮಾಲು. ಅದನ್ನ ನಿಮಗೊಬ್ಬರಿಗೇ ಯಾರು ಕೊಡ್ತಾರೆ? ನಿಮ್ಮ ಹಳೇ ಹೆಸರೇ ಗಟ್ಟಿ" ಅಂದರು. ಹೊಸ ಹೆಸರಿಗೆ ಅರ್ಜಿ ಹಾಕಿ ಫೀಸು ತೆಗೆದುಕೊಳ್ಳುವುದು ಅವರಿಗೆ ಸುಲಭವಿತ್ತು ಅಲ್ವಾ? ಹಾಗೆ ಮಾಡಲಿಲ್ಲ.

ಆಮೇಲೆ ಹಳೇ ಬಿಲ್ಲು ತನ್ನಿ ಅಂದರು. ಹೆಸರು ಯಾವಾಗಿನಿಂದ ಬಳಕೆಯಲ್ಲಿದೆ ಅಂತ ಅರ್ಜಿಯಲ್ಲಿ ಬರೆದರೆ ಅದಕ್ಕೆ ಅಫಿಡವಿಟ್ ಮತ್ತು ಪುರಾವೆ ಕೊಡಬೇಕು. ನಾನು ಬೀರುವಿನಿಂದ ಹಳೇ ಬಿಲ್ ಬುಕ್ಕುಗಳನ್ನೆಲ್ಲ ಹೊರಗೆಳೆದೆ. ಪ್ಯಾಚ್ ಮಾಡಿಸಿದ ಮೊದಲ ಬಿಲ್ಲು ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಆದರೆ ಹೆಸರು, ತಾರೀಖು ಎರಡೂ ಸ್ಪಷ್ಟವಾಗಿದ್ದವು. ಪಿನ್ ಹೊಡೆದಿದ್ದ ಸ್ಯಾಂಪಲ್ ಪ್ಯಾಚೂ ಹಾಗೇ ಇತ್ತು. ಅವರು ಅದನ್ನು ಸ್ಕ್ಯಾನ್ ಮಾಡುವಾಗ ಪಿನ್ ಕೂಡ ತೆಗೆಯಲು ಬಿಡಲಿಲ್ಲ. ನೂರಾರು ರೂಪಾಯಿ ಕೊಟ್ಟು ಲೇಬಲ್ ಮಾಡಿಸುವ ಸಣ್ಣವರು ದಯವಿಟ್ಟು ಆ ಬಿಲ್ಲುಗಳನ್ನು ಎಸೆಯಬೇಡಿ.

ಅರ್ಜಿ ಹೋಗಿದ್ದು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ. ಕರ್ನಾಟಕದವರಿಗೆ ಅದೇ. ಎಲ್ಲಾ ಆನ್‌ಲೈನ್, ಅಲ್ಲಿಗೆ ಹೋಗುವ ಕೆಲಸ ಬೀಳಲಿಲ್ಲ. ಅರ್ಜಿಯ ನಂಬರ್ ಬಂದ ಕೂಡಲೇ ಹೆಸರಿನ ಪಕ್ಕ ಟಿಎಂ (ಟ್ರೇಡ್‌ಮಾರ್ಕ್) ಅಂತ ಹಾಕಿಕೊಂಡೆವು. ವೃತ್ತದೊಳಗಿನ ಆರ್ ಗುರುತು ಮಾತ್ರ ನೋಂದಣಿ ಆದಮೇಲೇ ಹಾಕಬೇಕು. ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ.

ಸ್ವಲ್ಪ ಕಾಲದ ನಂತರ ಸೈಟಿನಲ್ಲಿ 'ಅಬ್ಜೆಕ್ಟೆಡ್' ಅಂತ ಬಂತು. ಮನೆಯವರು ಊಟ ಬಿಟ್ಟು ಎದ್ದರು. ತಿರಸ್ಕಾರ ಅಲ್ಲ ಅದು, ಪ್ರಶ್ನೆ ಅಷ್ಟೇ. ಉಚ್ಚಾರಣೆಯಲ್ಲಿ ಹತ್ತಿರ ಬರುವ ಇನ್ನೊಂದು ಹೆಸರನ್ನು ತೋರಿಸಿ ಕೇಳಿದ್ದರು. ಉತ್ತರಕ್ಕೆ ಒಂದು ತಿಂಗಳ ಗಡುವು. ವಕೀಲರು ಬರೆದ ಉತ್ತರದಲ್ಲಿ ಆ ಹಳೇ ಬಿಲ್ಲೇ ಮುಂದೆ ನಿಂತಿತ್ತು. ಅರ್ಜಿ ಒಪ್ಪಿಗೆಯಾಗಿ ಈಗ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ತಕರಾರು ಸಲ್ಲಿಸಲು ಬೇರೆಯವರಿಗೆ 4 ತಿಂಗಳು ಅವಕಾಶ ಇರುತ್ತದೆ. ಯಾರೂ ಬರದಿದ್ದರೆ ಸರ್ಟಿಫಿಕೇಟ್. 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು.

ಅವರ ಸೇವೆಯಲ್ಲಿ ಕೊರತೆ ಇಲ್ಲವೇ? ಇದೆ. ಏನಾಯಿತು ಅಂತ ತಾವಾಗಿ ಹೇಳುವುದಿಲ್ಲ, ನಾವೇ ಫೋನ್ ಮಾಡಬೇಕು. ಅಬ್ಜೆಕ್ಟೆಡ್ ಅಂತ ಬಂದಾಗ ಮೊದಲು ನೋಡಿದ್ದು ನಾನು, ಅವರಲ್ಲ. ಒಂದು ತಿಂಗಳ ಗಡುವಿನ ಕೆಲಸದಲ್ಲಿ ಇದು ಸಣ್ಣ ವಿಷಯ ಅಲ್ಲ. ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲೇ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು ಅನ್ನುವುದು ನಿಯಮ, ಸರಿ. ಆದರೆ ನಮಗೆ ಎರಡು ಸಾಲು ಕನ್ನಡದಲ್ಲಿ ಬರೆಯಬಹುದಿತ್ತು.

ಬರೀ ಫಾರ್ಮ್ ತುಂಬಿಸಲು ವಕೀಲರು ಬೇಕಿಲ್ಲ, ಓದು ಬಲ್ಲವರು ಸ್ವಂತವಾಗಿ ಹಾಕಬಹುದು. ಹೆಸರು ಹುಡುಕುವುದಕ್ಕೆ, ಕಚೇರಿಯ ಪ್ರಶ್ನೆಗೆ ಉತ್ತರ ಬರೆಯುವುದಕ್ಕೆ ಕೊಟ್ಟ ದುಡ್ಡು ಮಾತ್ರ ನನಗೆ ಜಾಸ್ತಿ ಅನ್ನಿಸಲಿಲ್ಲ. ಮೈದುನ ಈಗ ಬಟ್ಟೆ ಅಂಗಡಿ ತೆರೆಯುವ ಮಾತಾಡುತ್ತಿದ್ದಾನೆ. ಅದಕ್ಕೆ 35ನೇ ಕ್ಲಾಸು, ಇನ್ನೊಂದು ಫೀಸು. ಅದನ್ನೂ ಇವರ ಕೈಗೇ ಕೊಡುತ್ತೇವೆ.