ಎರಡೂವರೆ ಲಕ್ಷದ ಗೆರೆ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸೇವೆಯ ಒಂದು ವಿಮರ್ಶೆ

ಬಿ.ಎ. ಓದುತ್ತಿರುವ ಅಣ್ಣನ ಮಗಳ ಪರವಾಗಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಮೂದಿಸಿದ ಕೂಡಲೇ ವಿವರಗಳು ತಾವಾಗಿಯೇ ಮೂಡಿದವು. ಜೆರಾಕ್ಸ್ ಪ್ರತಿಗಳ ಕಟ್ಟು ಹೊತ್ತು ಇಲಾಖೆಗೆ ಅಲೆದ ನಮ್ಮ ಕಾಲವನ್ನು ನೆನೆದರೆ ಇದು ನಿಜಕ್ಕೂ ಮೆಚ್ಚತಕ್ಕ ವ್ಯವಸ್ಥೆ. ತೊಡಕು ಎದುರಾದದ್ದು ಬ್ಯಾಂಕಿನಲ್ಲಿ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದೇ ಬೇರೆ, ನೇರ ನಗದು ವರ್ಗಾವಣೆಗಾಗಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ಅದನ್ನು ಜೋಡಿಸುವುದೇ ಬೇರೆ ಎಂಬುದನ್ನು ಆ ಶಾಖೆಯಲ್ಲಿ ಯಾರೂ ತಿಳಿಸದೆ, "ಲಿಂಕ್ ಆಗಿದೆ ಹೋಗಿ" ಎಂದು ಎರಡು ಸಲ ಹಿಂದೆ ಕಳುಹಿಸಿದರು.

ಆದರೆ ಈ ಸೇವೆಯ ಮೂಲ ದೋಷ ತಂತ್ರಾಂಶದಲ್ಲಿಲ್ಲ, ಅರ್ಹತೆಯನ್ನು ಅಳೆಯುವ ಕ್ರಮದಲ್ಲಿದೆ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದೆಂಬ ಕೇಂದ್ರದ ಮಿತಿ 2013ರಲ್ಲಿ ನಿಗದಿಯಾದದ್ದು. ಅತ್ತ ಹಿಂದುಳಿದ ವರ್ಗಗಳ ಕೆನೆಪದರದ (ಮೀಸಲಾತಿಯಿಂದ ಹೊರಗುಳಿಯುವ ಸ್ಥಿತಿವಂತರ) ಆದಾಯ ಮಿತಿ 2017ರಲ್ಲೇ 8 ಲಕ್ಷಕ್ಕೇರಿತು. ಮಿತಿಯ ಮೊತ್ತಕ್ಕಿಂತಲೂ ನನ್ನನ್ನು ಕಾಡುವುದು ಅದು ಒಂದೇ ಏಟಿಗೆ ಕತ್ತರಿಸುವ ರೀತಿ: ಗೆರೆಯೊಳಗಿದ್ದವರಿಗೆ ಪೂರ್ಣ ಭತ್ಯೆ, ಒಂದು ರೂಪಾಯಿ ದಾಟಿದವರಿಗೆ ಸೊನ್ನೆ. ಇಂಗ್ಲೆಂಡಿನಲ್ಲಿ 2015-16ರವರೆಗೆ ಹೊಸ ವಿದ್ಯಾರ್ಥಿಗಳಿಗಿದ್ದ ನಿರ್ವಹಣಾ ಅನುದಾನದಲ್ಲಿ, 25,000 ಪೌಂಡ್‌ವರೆಗಿನ ಆದಾಯದ ಮನೆಯವರಿಗೆ 3,387 ಪೌಂಡ್ ದೊರೆತು, ಆದಾಯ ಹೆಚ್ಚಿದಂತೆ ಅನುದಾನ ಹಂತ ಹಂತವಾಗಿ ಇಳಿದು, 42,620 ಪೌಂಡ್ ದಾಟಿದ ಮೇಲಷ್ಟೇ ನಿಲ್ಲುತ್ತಿತ್ತು. ಆ ಅನುದಾನವನ್ನೇ 2016ರಲ್ಲಿ ಸಾಲವಾಗಿ ಮಾರ್ಪಡಿಸಿದ್ದು ಬೇರೆ ಮಾತು. ಅಳೆಯುವ ಕ್ರಮವಂತೂ ನಮ್ಮದಕ್ಕಿಂತ ನ್ಯಾಯವಾಗಿತ್ತು.

ಅಳತೆಯ ಆಧಾರವೂ ಗಟ್ಟಿಯಾದುದೇನಲ್ಲ. ಸಂಬಳದವನ ಆದಾಯ ರೂಪಾಯಿ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಮಳೆ ನಂಬಿದ ರಾಗಿ ಹೊಲದ ಆದಾಯವನ್ನು ಗ್ರಾಮ ಆಡಳಿತಾಧಿಕಾರಿ ಅಂದಾಜಿನಲ್ಲಿಯೇ ಬರೆಯಬೇಕು. ಹಾಗೆ ಬರೆದ ಪ್ರಮಾಣಪತ್ರಕ್ಕೆ 5 ವರ್ಷಗಳ ಆಯುಷ್ಯ. ಅಷ್ಟರಲ್ಲಿ ಬೋರ್‌ವೆಲ್ ಬತ್ತಿದರೂ ಕಾಗದದ ಮೇಲಿನ ಆದಾಯ ಬತ್ತುವುದಿಲ್ಲ.

ಇನ್ನು ಇಷ್ಟೆಲ್ಲ ಶೋಧಿಸಿ ಕೊಡುವುದೆಷ್ಟು? 2021ರ ಪರಿಷ್ಕೃತ ಮಾರ್ಗಸೂಚಿಯಂತೆ, ವೃತ್ತಿಪರ ಪದವಿಯ ಹಾಸ್ಟೆಲ್ ವಿದ್ಯಾರ್ಥಿಗೆ ವರ್ಷಕ್ಕೆ 13,500 ರೂಪಾಯಿ. ಮನೆಯಿಂದ ಓಡಾಡುವ ಬಿ.ಎ. ವಿದ್ಯಾರ್ಥಿನಿಗೆ 3,000, ಅಂದರೆ ತಿಂಗಳಿಗೆ 250. ಬೋಧನಾ ಶುಲ್ಕದ ಮರುಪಾವತಿ ಪ್ರತ್ಯೇಕವಾಗಿದ್ದು, ಈ ಸೇವೆಯ ನಿಜವಾದ ಬೆಲೆ ಇರುವುದು ಅದರಲ್ಲಿಯೇ. ಆ ಕಾರಣಕ್ಕೆ ಅರ್ಹರೆಲ್ಲರೂ ಅರ್ಜಿ ಹಾಕಲೇಬೇಕು, ಆದರೆ ಮೊದಲು ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಜೋಡಣೆಯನ್ನು ಖಚಿತಪಡಿಸಿಕೊಂಡು ಬನ್ನಿ.